ಸೋಲಾಪುರ ರಸ್ತೆಯ ಶಾತೋ

ಫ್ರಾನ್ಸಿಗೆ ನಾನು ಹೋದವನಲ್ಲ. ಹೋಗುವ ಅಗತ್ಯ ಬೀಳಲಿಲ್ಲ. ಪುಣೆಯ ಒಂದು ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಕಲಿಸುತ್ತ ತಲೆ ನೆರೆತವನಿಗೆ ಆ ದೇಶ ಧನಕವಡಿಯ ನಮ್ಮ ಮನೆಯ ಹಿಂದಿನ ಗಲ್ಲಿಯಷ್ಟೇ ಪರಿಚಿತ ಎಂಬ ಭ್ರಮೆ ತಾನಾಗಿಯೇ ಹುಟ್ಟುತ್ತದೆ. ಫ್ರೆಂಚ್ ಶ್ರೀಮಂತರು ಹಳ್ಳಿಗಾಡಿನಲ್ಲಿ ಕಟ್ಟಿಸಿಕೊಂಡ ಕೋಟೆಮನೆಗಳಿಗೆ ಶಾತೋ ಎನ್ನುತ್ತಾರೆ. ಲ್ವಾರ್ ನದಿಯ ಬಯಲಿನ ಶಾತೋಗಳಲ್ಲಿ ಯಾವುದಕ್ಕೆ ಎಷ್ಟು ಬುರುಜು, ಯಾವುದರ ಕಂದಕದಲ್ಲಿ ನೀರು, ಯಾವುದರಲ್ಲಿ ಬರೀ ಹುಲ್ಲು ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಯಾರೂ ಕೇಳುವುದಿಲ್ಲ, ಅಷ್ಟೆ.

ಕೇಳಿದವರು ಒಬ್ಬರೇ. ಕರಾವಳಿಯಿಂದ ಬಂದು ಇಲ್ಲೇ ಪುಣೆಯ ಹಡಪಸರದಲ್ಲಿ ಹೋಟೆಲು ನಡೆಸುವ ನನ್ನ ಮಿತ್ರರು. ಸೋಲಾಪುರ ರಸ್ತೆಯಲ್ಲಿ ಊರು ತುಸು ತೆಳುವಾಗುವ ಕಡೆ ಅವರೊಂದು ಜಾಗ ಕೊಂಡು, ಅಲ್ಲಿ ಮಂಗಲ ಕಾರ್ಯಾಲಯ, ಅಂದರೆ ಮದುವೆ ಛತ್ರ, ಕಟ್ಟುವ ಸಂಕಲ್ಪ ಮಾಡಿದ್ದರು.

“ಮಾಷ್ಟ್ರೇ, ಆ ರಸ್ತೆಯಲ್ಲಿ ಹವೇಲಿಯ ಹಾಗಿನ ಕಾರ್ಯಾಲಯ ಉಂಟು, ಪೇಶವೆಯವರ ವಾಡೆಯ ಹಾಗಿನದ್ದು ಉಂಟು. ಒಬ್ಬ ಹಡಗಿನ ಹಾಗೆಯೇ ಕಟ್ಟಿದ್ದಾನೆ. ನನಗೆ ಯಾರೂ ಕಟ್ಟದ್ದು ಬೇಕು. ನಿಮ್ಮ ಆ ಫ್ರಾನ್ಸಿನದ್ದು ಆದೀತಾ?” ಎಂದು ಕೇಳಿದರು.

ಆದೀತು ಎಂದೆ. ಅಂದಿನಿಂದ ನಾನು ಆ ಕಟ್ಟಡದ ಇತಿಹಾಸ ಸಲಹೆಗಾರ. ಈ ಹುದ್ದೆಗೆ ದಿನವೂ ಎರಡು ಕಾಫಿ, ಬೇಕೆಂದಾಗ ನೀರುದೋಸೆ.

ಸಲಹೆಗಾರನ ಗಾಂಭೀರ್ಯದಿಂದ ನಾನು ಮೊದಲಿನಿಂದ ಶುರುಮಾಡಿದೆ. ಆರಂಭದಲ್ಲಿ ಇವು ಕಾದಾಟದ ಕೋಟೆಗಳು. ದಪ್ಪ ಗೋಡೆ, ಚಿಕ್ಕ ಕಿಟಕಿ, ಸುತ್ತ ಕಂದಕ. ತೋಪು ಬಂದ ಮೇಲೆ ದಪ್ಪ ಗೋಡೆಯ ಮರ್ಯಾದೆ ಹೋಯಿತು. ಆಗ ಅದೇ ದೊರೆಗಳು ಬುರುಜುಗಳನ್ನು ಬರೀ ಚೆಂದಕ್ಕೆ ಉಳಿಸಿಕೊಂಡು, ಗೋಡೆ ಒಡೆದು ದೊಡ್ಡ ಕಿಟಕಿ ಇಟ್ಟರು, ಕಂದಕದಲ್ಲಿ ಹಂಸ ಬಿಟ್ಟರು. ಅತಿ ದೊಡ್ಡ ಶಾತೋಗಳಲ್ಲಿ ಯಾರೂ ಸರಿಯಾಗಿ ವಾಸಿಸಲಿಲ್ಲ ಎಂಬುದು ಇನ್ನೊಂದು ಸ್ವಾರಸ್ಯ. ರಾಜ ಬೇಟೆಗೆಂದು ಬರುವಾಗ ಮಂಚ, ಮೇಜು, ಗೋಡೆಯ ಪರದೆ ಎಲ್ಲವನ್ನೂ ಗಾಡಿಗಳಲ್ಲಿ ಹೇರಿಕೊಂಡು ಬರುತ್ತಿದ್ದ. ಔತಣ ಮುಗಿದರೆ ಅದನ್ನೆಲ್ಲ ಮತ್ತೆ ಗಾಡಿಗೆ ತುಂಬಿ ಹೊರಟುಹೋಗುತ್ತಿದ್ದ. ಮುಂದಿನ ಔತಣದವರೆಗೆ ಅಷ್ಟು ದೊಡ್ಡ ಮನೆ ಖಾಲಿ.

“ಅದು ಮಂಗಲ ಕಾರ್ಯಾಲಯವೇ ಅಲ್ಲವಾ? ಗಾಡಿ ಅಂದರೆ ನಮ್ಮ ಡೆಕೋರೇಶನ್‌ನವರ ಟೆಂಪೋ” ಎಂದರು ಮಿತ್ರರು.

ಫ್ರೆಂಚ್ ವಾಸ್ತುಶಿಲ್ಪದ ಬಗ್ಗೆ ಇಷ್ಟು ಚುಟುಕಾದ ವ್ಯಾಖ್ಯೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಕೆಲಸಕ್ಕೆ ಯಾದಗಿರಿ ಕಡೆಯ ಒಬ್ಬ ಮೇಸ್ತ್ರಿ ತನ್ನವರನ್ನು ಕಟ್ಟಿಕೊಂಡು ಬಂದಿದ್ದ. ನನ್ನ ವಿವರಣೆಗಳನ್ನು ಅವನು ಹರಿಕಥೆ ಕೇಳುವವನಂತೆ ಕೇಳುತ್ತಿದ್ದ. ಒಮ್ಮೆ ಮಾತ್ರ ನಡುವೆ ಬಾಯಿ ಹಾಕಿದ.

“ಸರ್, ಇಷ್ಟ್ ದೊಡ್ಡ ಮನ್ಯಾಗ ಸಂಡಾಸ ಎಲ್ಲಿ ಇಟ್ಟಿದ್ರಿ ಅವ್ರು?”

“ಇಟ್ಟಿರಲಿಲ್ಲಪಾ. ಇದ್ದರೂ ಹೆಸರಿಗಷ್ಟ.”

“ಹಂಗಾರ ನಮ್ಮ ಶೆಡ್ಡೂ ಶಾತೋನೇ ಆತಲ್ರಿ.”

ಮಿತ್ರರು ಅದೇ ವಾರ ಕೂಲಿಯವರ ಶೆಡ್ಡಿನ ಪಕ್ಕ ಸಂಡಾಸ ಕಟ್ಟಿಸಿದರು. ಫ್ರಾನ್ಸಿನ ಶ್ರೀಮಂತರು ಇಂಥ ಮಾತುಗಳಿಗೆ ಇಷ್ಟು ಬೇಗ ಕಿವಿಗೊಟ್ಟಿದ್ದರೆ ಅವರ ಇತಿಹಾಸ ಚಿಕ್ಕದಾಗುತ್ತಿತ್ತು, ನನ್ನ ಪಾಠವೂ ಹಗುರಾಗುತ್ತಿತ್ತು.

ಲ್ವಾರ್ ಬಯಲಿನ ಅತಿ ದೊಡ್ಡ ಶಾತೋದಲ್ಲಿ ಒಂದು ಮೆಟ್ಟಿಲಿದೆ. ಒಂದೇ ಕಂಬದ ಸುತ್ತ ಎರಡು ಸುರುಳಿಗಳು, ಒಂದರ ಮೇಲೊಂದು ಹೆಣೆದುಕೊಂಡು ಏರುತ್ತವೆ. ಒಂದರಲ್ಲಿ ಹತ್ತುವವನಿಗೆ ಇನ್ನೊಂದರಲ್ಲಿ ಇಳಿಯುವವನು ಎದುರಾಗುವುದೇ ಇಲ್ಲ. ನಡುವಿನ ಕಂಬ ಟೊಳ್ಳು. ಅದರಲ್ಲಿ ಅಲ್ಲಲ್ಲಿ ಕಿಂಡಿಗಳಿವೆ. ಅವುಗಳಲ್ಲಿ ಆಚೆಯವನ ಮುಖ ಕಂಡರೆ ಕಂಡೀತು, ಅಷ್ಟೇ. ಇದನ್ನು ಕೇಳಿದ್ದೇ ಮಿತ್ರರು ಅದೇ ಬೇಕೆಂದು ಹಟ ಹಿಡಿದರು. ಮೇಲೆ ವಧುವಿನ ಕೋಣೆ, ಕೆಳಗೆ ಮಂಟಪ, ನಡುವೆ ಎರಡು ಸುರುಳಿ.

“ಏರ್ಲಾಕ ಒಂದ, ಇಳೀಲಾಕ ಒಂದ ಏನ್ರಿ?” ಎಂದ ಮೇಸ್ತ್ರಿ. “ಜಗಳಾಡಿದ ಗಂಡಾ ಹೆಂಡ್ತಿ ಮನಿ ಇದ್ದಂಗ ಅದ.”

ಜಗಳ ಇತ್ತು, ಗಂಡ ಹೆಂಡತಿಯದಲ್ಲ. ಮಿತ್ರರಿಗೆ ಒಬ್ಬ ಅಣ್ಣನಿದ್ದಾರೆ. ಹಡಪಸರದ ಹೋಟೆಲು ಮೊದಲು ಇಬ್ಬರದೂ ಆಗಿತ್ತು. ಅಣ್ಣ ಅಡುಗೆಮನೆಯಲ್ಲಿ, ತಮ್ಮ ಗಲ್ಲಾಪೆಟ್ಟಿಗೆಯ ಮುಂದೆ. ಪಾಲಾದಾಗ ನಟ್ಟನಡುವೆ ಗೋಡೆ ಎದ್ದಿತು. ಅಣ್ಣನ ಪಾಲಿಗೆ ಒಲೆಗಳು ಬಂದವು, ಗಿರಾಕಿ ಕೂರಲು ಜಾಗ ಬರಲಿಲ್ಲ. ತಮ್ಮನಿಗೆ ರಸ್ತೆಯ ಮುಖ ಬಂತು, ಒಲೆ ಬರಲಿಲ್ಲ. ಇಬ್ಬರೂ ತಮಗಿಲ್ಲದ್ದನ್ನು ಮತ್ತೆ ಕಟ್ಟಿಕೊಂಡರು. ಈಗ ಅಕ್ಕಪಕ್ಕ ಎರಡು ಹೋಟೆಲು, ಎರಡರಲ್ಲೂ ಒಂದೇ ರುಚಿಯ ಸಾಂಬಾರು, ಒಡೆಯರಿಗೆ ಮಾತಿಲ್ಲ.

ಫ್ರಾನ್ಸಿನಲ್ಲಿ ಇಂಥದ್ದಕ್ಕೆ ಮೊದಲು ಸರಳ ಉಪಾಯವಿತ್ತು. ಮನೆ, ಬುರುಜು, ಜಮೀನಿನ ಬಹುಪಾಲು ಎಲ್ಲ ಹಿರಿಯನಿಗೆ.

“ಕಿರಿಯವನಿಗೆ ಎಂತ?” ಎಂದು ಮಿತ್ರರು ಕೇಳಿದ್ದರು.

“ಸೈನ್ಯ, ಇಲ್ಲಾ ಚರ್ಚು.”

“ನಮ್ಮಲ್ಲಿ ಕ್ಯಾಶ್ ಕೌಂಟರು” ಎಂದು ನಕ್ಕರು.

ಕ್ರಾಂತಿಯ ನಂತರ ಕಾನೂನು ಎಲ್ಲ ಮಕ್ಕಳಿಗೂ ಸಮಪಾಲು ಎಂದಿತು. ನ್ಯಾಯವೇನೋ ಸಿಕ್ಕಿತು, ಎಷ್ಟೋ ಶಾತೋಗಳು ಹೋಳಾದವು. ಕೆಲವನ್ನು ಕೆಡವಿ ಕಲ್ಲು ಮಾರಿದರು. ಈ ಭಾಗವನ್ನು ನಾನು ಮಿತ್ರರಿಗೆ ಹೇಳಲಿಲ್ಲ.

ಈ ಅಣ್ಣತಮ್ಮಂದಿರಿಬ್ಬರಿಗೂ ಒಬ್ಬಳೇ ತಂಗಿ. ಧನಕವಡಿಯಲ್ಲಿ ನಮ್ಮ ಕಟ್ಟಡದಲ್ಲೇ ಇರುವವಳು. ಶಾತೋ ಮುಗಿಯುವ ಹೊತ್ತಿಗೆ ಅವಳ ಮಗಳ ಮದುವೆ ನಿಶ್ಚಯವಾಯಿತು. ಅಲ್ಲಿ ಮೊದಲ ಮದುವೆ ಈ ಸೋದರಸೊಸೆಯದೇ ಆಗಬೇಕೆಂದು ಮಿತ್ರರ ಆಸೆ. ತಂಗಿ ಒಂದೇ ಮಾತು ಹೇಳಿದಳು.

“ನಮ್ಮಲ್ಲಿ ಸೋದರಮಾವ ಕೈಹಿಡಿದು ಕರಕೊಂಡು ಬರದೆ ಹುಡುಗಿ ಮಂಟಪಕ್ಕೆ ಬರುವುದಿಲ್ಲ. ನನಗೆ ಇಬ್ಬರು ಅಣ್ಣಂದಿರು. ಧಾರೆಗೆ ಇಬ್ಬರೂ ನಿಂತರೆ ನಿನ್ನ ಅರಮನೆ. ಒಬ್ಬನೇ ಅಂತಾದರೆ ನಾನು ದೇವಸ್ಥಾನದಲ್ಲಿ ಮಾಡುತ್ತೇನೆ, ಊಟಕ್ಕೆ ನೀನೂ ಬಾ, ಅವನೂ ಬರಲಿ, ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಉಂಡು ಹೋಗಿ.”

ಮಿತ್ರರು ಆ ದಿನ ನನಗೆ ಕಾಫಿ ಕೊಡುವುದನ್ನೂ ಮರೆತರು. ಕಾರ್ಯಾಲಯ ತುಂಬಲಿ ಬಿಡಲಿ, ಅಣ್ಣ ಬರಬೇಕು. ಅವರಿಗೆ ಬೇಕಾದದ್ದು ಅದೇ ಎಂಬುದು ನನಗೆ ಆಗ ತಿಳಿಯಿತು. ಹಾಗೆಂದು ಹೋಗಿ ಕರೆಯುವವರಲ್ಲ. ಕರೆಯಲು ನನ್ನನ್ನು ಕಳಿಸಿದರು.

ಗೋಡೆಯ ಆಚೆಯ ಹೋಟೆಲಿನಲ್ಲಿ ಅಣ್ಣ ಒಗ್ಗರಣೆಯ ಮುಂದೆ ನಿಂತಿದ್ದರು. ಒಡೆಯರಾದ ಮೇಲೂ ಒಲೆ ಬಿಟ್ಟವರಲ್ಲ.

“ಸೊಸೆಯ ಮದುವೆಗೆ ಬಾರದೆ ಇರ್ತೇನಾ? ಆದರೆ ಅವನ ಮುಖ ನೋಡುವುದು ನನ್ನಿಂದ ಆಗುವುದಿಲ್ಲ ಮಾಷ್ಟ್ರೇ.”

ಆಗ ನಾನು ಲ್ವಾರ್ ಬಯಲನ್ನು ನೆನೆದುಕೊಂಡೆ. “ನೋಡೂದು ಬ್ಯಾಡ್ರಿ. ಅಲ್ಲಿ ಎರಡು ಮೆಟ್ಟಲ ಅವ. ನೀವು ಒಂದ್ರಾಗ ಹತ್ರಿ, ಅವ್ರು ಇನ್ನೊಂದ್ರಾಗ ಇಳೀತಾರ. ಎದುರು ಬರೂದ ಇಲ್ಲ. ಫ್ರಾನ್ಸಿನ್ಯಾಗ ರಾಜರ ಕಾಲದಿಂದ ನಡದದ.”

ಅವರು ಒಗ್ಗರಣೆ ಸೌಟನ್ನು ಪಕ್ಕಕ್ಕಿಟ್ಟರು. “ರಾಜರಿಗೂ ತಮ್ಮಂದಿರು ಇದ್ದರು ಅಂತಾಯ್ತು” ಎಂದರು. ಒಪ್ಪಿದ ಹಾಗೆಯೇ.

ತಂಗಿ ಸಂಧಾನದ ಕರಾರು ರೂಪಿಸಿದಳು. ಮೊದಲು ಕಿರಿಯ ಮಾವ ತನ್ನ ಸುರುಳಿಯಲ್ಲಿ ಮೇಲೆ ಹೋಗಿ ಸೊಸೆಗೆ ಮಲ್ಲಿಗೆ ಮುಡಿಸಿ ಕೆಳಗಿಳಿಯುವುದು. ಅವರು ಇಳಿದ ಮೇಲೆ ಹಿರಿಯ ಮಾವ ಇನ್ನೊಂದು ಸುರುಳಿಯಲ್ಲಿ ಹತ್ತಿ ಅವಳನ್ನು ಕರೆತರುವುದು. ಮಂಟಪದಲ್ಲಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಮೇಲಿನ ಪಡಸಾಲೆಯಲ್ಲಿ ನಿಂತು ಕಿಂಡಿಯಿಂದ ಕೈಬೀಸಿ ಅಣ್ಣನಿಗೆ ಸಿಗ್ನಲ್ ಕೊಡುವ ಹೊಣೆ ನನ್ನದು. ಸಿಗ್ನಲ್‌ಮನ್ ಆಗಲು ಇತಿಹಾಸದ ಜ್ಞಾನ ಬೇಡ, ಆದರೂ ಹೊಸ ಧೋತರ ಉಟ್ಟುಕೊಂಡು ಹೋದೆ.

ಮದುವೆಯ ಬೆಳಿಗ್ಗೆ ಶಾತೋ ನಿಜವಾಗಿ ಚೆನ್ನಾಗಿಯೇ ಕಂಡಿತು. ಬುರುಜುಗಳ ತುದಿಗೆ ಮಾವಿನ ತೋರಣ, ಅಲ್ಲೆಲ್ಲ ಪಾರಿವಾಳ. ಹಿಂದೆ ಫ್ರಾನ್ಸಿನಲ್ಲಿ ಪಾರಿವಾಳದ ಗೂಡು ಇಡುವುದು ಬಹುಮಟ್ಟಿಗೆ ಶ್ರೀಮಂತರ ಹಕ್ಕು. ರೈತನ ಕಾಳನ್ನು ಅವು ತಿಂದರೂ ರೈತ ಕೈಯೆತ್ತುವಂತಿರಲಿಲ್ಲ. ಪುಣೆಯಲ್ಲಿ ಆ ಹಕ್ಕು ಪ್ರತಿ ಬಾಲ್ಕನಿಗೂ ಸಿಕ್ಕಿದೆ.

ಮಿತ್ರರು ಮಲ್ಲಿಗೆ ದಂಡೆಗಳ ಅಟ್ಟೆ ಹಿಡಿದು ಮೇಲೆ ಬಂದು ವಧುವಿನ ಕೋಣೆಗೆ ಹೋದರು. ಹೊರಬರಲಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಪಳಗಿದ ಕೈಗೆ ಹೂ ಮುಡಿಸುವುದು ಬರಲಿಲ್ಲ. ಪಿನ್ನು ಬಿತ್ತು, ದಂಡೆ ಜಾರಿತು, ಒಳಗೆ ಹೆಂಗಸರ ನಗು. ನಾನು ಕಿಂಡಿಯಲ್ಲಿ ಕೈ ತೋರಿಸದೆ ನಿಂತೆ.

ಕೆಳಗೆ ಪುರೋಹಿತರು ಮೈಕಿನಲ್ಲಿ, “ಹುಡುಗಿಯನ್ನು ಕರೆತನ್ನಿ” ಎಂದರು.

ಇದನ್ನು ತಂಗಿಯೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಅಡುಗೆಮನೆಯಲ್ಲಿ ಆಯುಷ್ಯ ಕಳೆದವರಿಗೆ ಹೊರಗಿನಿಂದ ಒಂದು ಕೂಗು ಬಂದರೆ ಕಾಲು ನಿಲ್ಲುವುದಿಲ್ಲ. ಅಣ್ಣ ನನ್ನ ಕಡೆ ನೋಡಲೂ ಇಲ್ಲ, ಆರ್ಡರ್ ಬಂದವರಂತೆ ಹತ್ತತೊಡಗಿದರು. ನಾನು ಕಿಂಡಿಯಿಂದ “ತಡೀರಿ” ಎಂದು ಕೈಯಾಡಿಸಿದೆ. ಬೇಗ ಬನ್ನಿ ಎಂದು ಅರ್ಥ ಮಾಡಿಕೊಂಡು ಇನ್ನೂ ಜೋರಾಗಿ ಹತ್ತಿದರು. ಅದೇ ಹೊತ್ತಿಗೆ ಕೋಣೆಯ ಬಾಗಿಲು ತೆರೆದು ಮಿತ್ರರು ಬೆವರು ಒರೆಸಿಕೊಳ್ಳುತ್ತ ಹೊರಬಂದರು.

ಎರಡು ಸುರುಳಿಗಳು ಎಷ್ಟೇ ಬುದ್ಧಿವಂತಿಕೆಯಿಂದ ಹೆಣೆದಿದ್ದರೂ ಮೇಲೆ ಒಂದೇ ಪಡಸಾಲೆಗೆ ಬಂದು ಸೇರುತ್ತವೆ. ಇಷ್ಟು ವರ್ಷ ಆ ಮೆಟ್ಟಿಲಿನ ಬಗ್ಗೆ ಪಾಠ ಹೇಳಿದ ನನಗೆ, ಕಟ್ಟಿಸಿದ ಮಿತ್ರರಿಗೆ, ಕರಾರು ಬರೆದ ತಂಗಿಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಇಬ್ಬರೂ ಎರಡು ಮಾರು ದೂರದಲ್ಲಿ ನಿಂತರು. ಅಣ್ಣನಿಗೆ ಉಸಿರು ಹತ್ತಿತ್ತು. ಆಮೇಲೆ ಮಾತು ತುಳುವಿನಲ್ಲಿ ನಡೆಯಿತು. ಹೋಟೆಲಿನ ಸಹವಾಸದಿಂದ ನನಗೆ ತುಳು ತಿಳಿಯುತ್ತದೆ.

“ಗೋಡೆಗೆ ಎಂತ ಬಣ್ಣ ಇದು?” ಎಂದರು ಅಣ್ಣ, ಗೋಡೆ ನೋಡುತ್ತ.

“ಫ್ರಾನ್ಸಿನದ್ದು. ಮಾಷ್ಟ್ರು ಹೇಳಿದ್ದು.”

“ಹಾಲು ಒಡೆದ ಹಾಗೆ ಉಂಟು.”

ನಾನು ಇತಿಹಾಸದ ಪರವಾಗಿ ತಲೆ ತಗ್ಗಿಸಿದೆ.

“ಅಡುಗೆ ಯಾರದ್ದು?”

“ಹೊರಗಿನವರಿಗೆ ಕೊಟ್ಟಿದ್ದೇನೆ.”

“ಸಾರಿಗೆ ಕೊತ್ತಂಬರಿ ಜಾಸ್ತಿ ಹುರಿದಿದ್ದಾರೆ. ಇಲ್ಲಿಯವರೆಗೆ ವಾಸನೆ.”

“ನನಗೆ ಅದು ಗೊತ್ತಾಗುವುದಿಲ್ಲ” ಎಂದರು ಮಿತ್ರರು. “ಮೊದಲಾದರೂ ನನಗೆ ಯಾವಾಗ ಗೊತ್ತಾಗ್ತಿತ್ತು?”

ಅಣ್ಣ ಗೋಡೆ ನೋಡುವುದನ್ನು ಬಿಟ್ಟು ತಮ್ಮನನ್ನು ನೋಡಿದರು.

ಹಿಂದಿನಿಂದ ಹುಡುಗಿ ಬಾಗಿಲಿಗೆ ಬಂದಳು. “ಮಾವ, ಮುಹೂರ್ತ ದಾಟಿದರೆ ನೀವಿಬ್ಬರೇ ಮದುವೆ ಆಗಬೇಕಾಗ್ತದೆ” ಎಂದಳು. ಎರಡೂ ಕೈ ಮುಂದೆ ಚಾಚಿದಳು. ಸುರುಳಿಯ ಅಗಲ ಇಬ್ಬರಿಗೆ ಮಾತ್ರ. ಲ್ವಾರ್ ಬಯಲಿನದರ ಹಾಗೆ ಅಗಲವಾಗಿ ಕಟ್ಟಲು ಇಲ್ಲಿ ಜಾಗವಿರಲಿಲ್ಲ. ಮಿತ್ರರು ಹಿಂದೆ ಸರಿದರು. “ಅಣ್ಣ ಕರಕೊಂಡು ಹೋಗಲಿ. ನಾನು ಆ ಕಡೆಯಿಂದ ಬರ್ತೇನೆ.”

ಹಾಗೆ ಇಳಿದರು. ನಾನು ಮೇಲೆಯೇ, ಮಂಟಪ ಕಾಣುವ ಪಡಸಾಲೆಯ ಅಂಚಿನಲ್ಲಿ ನಿಂತು ನೋಡಿದೆ. ಒಂದು ಸುರುಳಿಯಲ್ಲಿ ಅಣ್ಣ ಮತ್ತು ಹುಡುಗಿ, ಇನ್ನೊಂದರಲ್ಲಿ ತಮ್ಮ. ಒಂದು ಕಿಂಡಿ ದಾಟುವಾಗ ಅಣ್ಣನ ಧ್ವನಿ ಕೇಳಿತು: “ಇಲ್ಲಿ ಒಂದು ಲೈಟು ಹಾಕು, ಮುದುಕರು ಬೀಳ್ತಾರೆ.” ಇನ್ನೊಂದು ಕಿಂಡಿಯಿಂದ, “ಹಾಕುವಾ” ಎಂದು ಉತ್ತರ.

ಮೇಲೆ ಒಂದೇ ಕಡೆ ಸೇರುವ ಈ ಸುರುಳಿಗಳು ಕೆಳಗೆ ಬೆನ್ನು ತಿರುಗಿಸಿಕೊಂಡು ಇಳಿಯುತ್ತವೆ. ಅಣ್ಣ ಇಳಿದದ್ದು ಮಂಟಪದ ಮುಂದೆಯೇ. ತಮ್ಮ ಇಳಿದದ್ದು ಹಿಂದಿನ ಊಟದ ಹಾಲ್‌ನ ಕಡೆ. ಇಡೀ ಕಟ್ಟಡ ಸುತ್ತಿ ಬರಬೇಕು. ಪುರೋಹಿತರು ಕೈಗಡಿಯಾರ ನೋಡಿ, “ಬನ್ನಿ ಬನ್ನಿ” ಎಂದರು. ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಣ್ಣ ಹುಡುಗಿಯ ಕೈಹಿಡಿದು ಕೊನೆಯ ಮೆಟ್ಟಿಲ ಬಳಿಯೇ ನಿಂತುಬಿಟ್ಟರು.

“ತಡೆಯಿರಿ ಭಟ್ರೇ. ಅವ ಬರಲಿ” ಎಂದರು.

ವಾಲಗದವರು ಊದುತ್ತಲೇ ಇದ್ದರು. ಮಿತ್ರರು ಪಂಚೆ ಎತ್ತಿ ಹಿಡಿದು, ಕುರ್ಚಿಗಳ ಸಾಲು ತಪ್ಪಿಸುತ್ತ ಓಡಿಬಂದರು. ಹುಡುಗಿಯ ಖಾಲಿ ಕೈಯನ್ನು ಹಿಡಿದರು. ನೆಲ ಅಲ್ಲಿಂದ ಸಮತಟ್ಟು, ಬೇಕಾದಷ್ಟು ಅಗಲ; ಮೂವರೂ ಸಾಲಾಗಿ ಮಂಟಪಕ್ಕೆ ನಡೆದರು.