ಅಕ್ಕಿ ಮೂಟೆಯೊಳಗಿಂದ ಬಂದ ದನಿ

ಬೆಳಗಿನ ಐದೂಕಾಲು. ಕಡಲಂಚಿನ ಊರಾದ ಮಲಬೋನಿನ ನಮ್ಮ ಓಣಿಯಲ್ಲಿ ಹೊಳೆಯ ಉಬ್ಬರ ಇನ್ನೂ ಇಳಿದಿಲ್ಲ. ಕಣಕಾಲು ಮುಳುಗುವ ನೀರಿನಲ್ಲೇ ಪಂದೆಸಾಲ್ ಬನ್ನು ಮಾರುವವನು ಸೈಕಲ್ ತಳ್ಳಿಕೊಂಡು ಪೊಂ ಪೊಂ ಎನ್ನುತ್ತ ಹೋಗುತ್ತಿದ್ದಾನೆ. ಓಣಿಯವರೆಲ್ಲ ಗೌರವದಿಂದ ‘ಆಲಿಂಗ್’ ಎಂದು ಕರೆಯುವ ಪೆತಾಂಗ್ ತಮ್ಮ ಮನೆಯ ಮೆಟ್ಟಿಲ ಮೇಲೆ ಮೋಟು ಸ್ಟೂಲು ಹಾಕಿ ಕೂತಿದ್ದಾರೆ. ಮುಂದೆ ಬಟ್ಟೆ ಒಗೆಯುವ ಅಗಲ ಬೋಗುಣಿ, ಪಕ್ಕದಲ್ಲಿ ನೀರಿನಂಗಡಿಯಿಂದ ತರಿಸಿದ ಶುದ್ಧ ನೀರಿನ ಎರಡು ಕ್ಯಾನು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ತೊಳೆಯಬೇಕಾಗಿರುವುದು ಬಟ್ಟೆಯನ್ನಲ್ಲ, ಕಂಪ್ಯೂಟರನ್ನು. ಆದರೆ ಆ ಕಂಪ್ಯೂಟರನ್ನು ಎದೆಗವಚಿಕೊಂಡು ನಿಂತಿರುವ ನೆರೆಮನೆಯ ತೊಮಾಸಾ ಅದನ್ನು ಕೊಡಲೊಲ್ಲರು.

“ಬೇಡ ಮಾರೆ, ನೀರು ಬೇಡ. ನೆರೆ ಬಂದಾಗ ಇದು ಓಡ್ತಾ ಇತ್ತು, ಮೈ ಕಾದಿತ್ತು. ಕಾದ ಮೈಗೆ ಒಂದ್ಸಲ ತಣ್ಣೀರು ಬಿದ್ದಿದ್ದೇ ಸಾಕು. ಮತ್ತೆ ಹೊಯ್ದ್ರೆ ಪಾಸ್ಮಾ ಹೊಡೆದು ಪೂರ್ತಿ ಹೋಗ್ಬಿಡುತ್ತೆ.”

“ಪಾಸ್ಮಾ ಹೊಡೆಯೋದು ನಿನಗೆ, ನನಗೆ. ಇದಕ್ಕೆ ನರ ಎಲ್ಲಿದೆ ತೊಮಾಸಾ?”

“ಒಳಗೆ ಅಷ್ಟೊಂದು ವೈರ್ ಇದೆಯಲ್ಲ, ಅದೇನು ಮತ್ತೆ?”

ಪೆತಾಂಗ್ ಬ್ರಷ್ಷು ಕೆಳಗಿಟ್ಟು ಎರಡೂ ಕೈ ಚಾಚುತ್ತಾರೆ. ತೊಮಾಸಾರ ಮಗಳಿಗೆ ಇವರು ಜ್ಞಾನಸ್ನಾನದ ತಾಯಿ, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ‘ಮಾರೆ’. ಗದರಿಸಿ ಕಿತ್ತುಕೊಳ್ಳುವಂತೆಯೂ ಇಲ್ಲ. ದುಡಿದು ಬಿಸಿಯಾದ ಮೈಗೆ ತಣ್ಣೀರು ತಗುಲಿದರೆ ನರ ಸೆಟೆದು ನಡುಕ ಹತ್ತುತ್ತದೆ ಎಂಬುದು ಇಲ್ಲಿನವರ ಗಟ್ಟಿ ನಂಬಿಕೆ. ಇಸ್ತ್ರಿ ಮಾಡಿದ ಹೆಂಗಸು ಆವತ್ತು ಕೈ ತೊಳೆಯುವುದಿಲ್ಲ. ಕನ್ನಡ ನಾಡಿನಿಂದ ಬಂದು ಹತ್ತೊಂಬತ್ತು ವರ್ಷ ಈ ಓಣಿಯಲ್ಲಿ ಬಾಳಿದ ಮೇಲೆ, ಇದನ್ನು ಬರೆಯುತ್ತಿರುವ ನಾನೂ ತೊಳೆಯುವುದಿಲ್ಲ.

ತೊಮಾಸಾರ ಹಠಕ್ಕೆ ಕಾರಣವಿದೆ. ಆ ಡಬ್ಬದೊಳಗಿರುವುದು ಅವರ ಗಂಡನ ದನಿ. ಓಣಿ ಗೌರವದಿಂದ ‘ಮಾಂಗ್’ ಎನ್ನುವ ಇಸ್ಯೋಂಗ್ ಮೂವತ್ತೊಂದು ವರ್ಷ ನಮ್ಮ ಓಣಿಯ ಭಾನುವಾರದ, ತಂಬೋಲದಂಥ ಬಿಂಗೊ ಆಟಕ್ಕೆ ನಂಬರು ಕೂಗಿದವರು. ಪ್ರತಿ ನಂಬರಿಗೂ ಅವರದೊಂದು ಕೀಟಲೆ ಇರುತ್ತಿತ್ತು. ‘ಬಿ ಒಂದು! ಒಬ್ಬನೇ ಗಂಡ, ಅವನೂ ಕುಡಿದು ಮಲಗಿದ್ದಾನೆ!’ ಎಂದರೆ ಸೋತವರೂ ನಗುತ್ತಿದ್ದರು. ಮೂರು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು.

ಆಪರೇಷನ್ನಿನ ಹಿಂದಿನ ದಿನ ಪೆತಾಂಗ್ ಒಂದು ಮೈಕು ಹಿಡಿದು ಅವರ ಮನೆಗೆ ಹೋದರು. ಇಡೀ ಮಧ್ಯಾಹ್ನ ಇಸ್ಯೋಂಗ್‌ರನ್ನು ಕೂರಿಸಿ ಎಪ್ಪತ್ತೈದು ನಂಬರನ್ನೂ ಕೂಗಿಸಿದರು. ಆಮೇಲೆ ಕಂಪ್ಯೂಟರಿನ ಕೀಲಿಮಣೆಯ ಒಂದೊಂದು ಕೀಲಿಗೆ ಒಂದೊಂದು ನಂಬರು ಕಟ್ಟಿದರು. ತೊಮಾಸಾ ಉಗುರಿನ ಬಣ್ಣದಲ್ಲಿ ಅವುಗಳ ಮೇಲೆ ಸಂಖ್ಯೆ ಬರೆದರು. ಮಿಕ್ಕ ಕೀಲಿಗಳಿಗೆ ಬೈಗುಳ, ಗದರಿಕೆ, ಒಂದು ಸೀನು. ಆಸ್ಪತ್ರೆಯಿಂದ ಮರಳಿದಂದಿನಿಂದ ಇಸ್ಯೋಂಗ್ ಡಬ್ಬಿಯಿಂದ ನಂಬರಿನ ಬಿಲ್ಲೆ ತೆಗೆದು ಕೀಲಿ ಒತ್ತುತ್ತಾರೆ, ಸ್ಪೀಕರಿನಲ್ಲಿ ಅವರದೇ ದನಿ ಕೂಗುತ್ತದೆ. ದನಿ ಹೋದ ಮನುಷ್ಯ ಒಂದು ಭಾನುವಾರವೂ ತಪ್ಪಿಸದೆ ಓಣಿಯನ್ನು ನಗಿಸಿದರು.

ಇದೇ ಜುಲೈನಲ್ಲಿ ನೆರೆ ಬಂತು. ಮೊಣಕಾಲೆತ್ತರದ ನೀರು ಮನೆಯೊಳಗೆ ನುಗ್ಗಿ ಕಂಪ್ಯೂಟರ್ ಅರ್ಧ ಮುಳುಗಿತು. ಪೆತಾಂಗ್ ಆಗ ತಂಗಿಯ ಮನೆಗೆ ಹೋಗಿದ್ದರು, ರಸ್ತೆ ತೆರೆಯುವವರೆಗೆ ವಾಪಸು ಬರಲಾಗಲಿಲ್ಲ. ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂಳುವುದು ಇಲ್ಲಿ ಮನೆಮನೆಯ ಮದ್ದು. ತೊಮಾಸಾ ಅದನ್ನೇ ಮಾಡಿದರು, ಸ್ವಲ್ಪ ಧಾರಾಳವಾಗಿ. ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ, ಅದನ್ನು ಇಡಿಯಾಗಿ ಅಕ್ಕಿ ಮೂಟೆಯೊಳಗೆ ಹೂತು, ಮೇಲೊಂದು ಕಂಬಳಿ ಹೊದಿಸಿದರು. ಎಂಟು ದಿನ ಅದು ಹಾಗೆಯೇ ಇತ್ತು. ಒದ್ದೆ ಅಕ್ಕಿ ಹುಳಿಯಿತು, ಗಂಜಿಯಾಯಿತು, ಅಂಟಾಯಿತು. ಒಂಬತ್ತನೆಯ ದಿನ ಶಾಪಿಂಗ್ ಮಾಲಿನ ಅಂಗಡಿಯೊಂದಕ್ಕೆ ಒಯ್ದರೆ, ಅಲ್ಲಿನವರು ಮೂಗು ಮುಚ್ಚಿಕೊಂಡು, “ಇದನ್ನ ಬಿಸಾಕಿ ಅಮ್ಮ, ಹೊಸದು ತಗೊಳ್ಳಿ,” ಎಂದರು.

ಇನ್ನೊಂದು ನಕಲು ಇರಲಿಲ್ಲವೇ? ಇತ್ತು. ಪೆತಾಂಗ್ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ತೊಮಾಸಾ ಅದನ್ನು ಅಳಿಸಿ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹಾಡು ತುಂಬಿಸಿಕೊಂಡಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ, ಅವರೇ ದಿನಾ ತಮ್ಮನ್ನು ಬೈದುಕೊಳ್ಳುತ್ತಿದ್ದರು.

ಪೆರ್ಪೆತುವಾ ಲಿಂದಾಯಾಗ್ ಎಂಬ ಉದ್ದನೆಯ ಹೆಸರನ್ನು ಓಣಿ ಮೊಟಕು ಮಾಡಿ ಪೆತಾಂಗ್ ಎಂದಿದೆ. ವಯಸ್ಸು ಐವತ್ತೊಂಬತ್ತು. ಲಗೂನಾದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಭೂತಗನ್ನಡಿಯ ಕೆಳಗೆ ಬೋರ್ಡುಗಳಿಗೆ ಬೆಸುಗೆ ಹಾಕಿದವರು. ಮೂವತ್ತಾರಕ್ಕೆ ಮನೆಗೆ ಕಳಿಸಿದರು. “ಕಣ್ಣು ಹಳೇದಾಯ್ತು ಅಂದ್ರು. ಹುಡುಗೀರು ಬೇಕಾಗಿತ್ತು ಅವರಿಗೆ,” ಎನ್ನುವಾಗ ಅವರ ಮೂಗಿನ ಹೊಳ್ಳೆ ಇವತ್ತಿಗೂ ಅರಳುತ್ತದೆ. ಮನೆಗೆ ಬಂದವರು ಪಕ್ಕದ ಮನೆಯ ಕೆಟ್ಟ ಕಂಪ್ಯೂಟರ್ ಬಿಚ್ಚಿ ನೋಡಿದರು. ಒಳಗೊಂದು ಹಲ್ಲಿ ಸುಟ್ಟು ಅಂಟಿಕೊಂಡಿತ್ತು. ಹಲ್ಲಿ ತೆಗೆದರು, ಒಂದು ಬೆಸುಗೆ ಹಾಕಿದರು, ಅದು ಓಡಿತು. ಅಲ್ಲಿಂದ ಶುರು.

ಮೊದಮೊದಲು ಬಂದವರೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ಒಂದೇ ಮಾತು. “ರಿಪೇರಿ ಮಾಡೋರು ಇಲ್ವಾ ಮನೇಲಿ?” ಪೆತಾಂಗ್ ಅವರಿಗೆ, “ಬರ್ತಾರೆ, ಕೂತ್ಕೊಳ್ಳಿ,” ಎಂದು ಕಾಫಿ ಕೊಟ್ಟು, ಕಾಫಿ ಮುಗಿಯುವುದರೊಳಗೆ ತಾವೇ ರಿಪೇರಿ ಮಾಡಿ ಕೈಗಿಡುತ್ತಿದ್ದರು. ಆ ‘ರಿಪೇರಿ ಮಾಡೋರು’ ಇಪ್ಪತ್ತಮೂರು ವರ್ಷವಾದರೂ ಬಂದಿಲ್ಲ.

ದಿನಕ್ಕೆ ಆರೇಳು ಕಂಪ್ಯೂಟರುಗಳು ಬರುತ್ತವೆ. ಅರ್ಧಕ್ಕರ್ಧ ಇರುವೆ ಗೂಡಿನವು, ಇಲ್ಲವೇ ಓಡುವಾಗಲೂ ಕ್ರೋಶಾ ಹೊದಿಕೆ ತೆಗೆಯದೆ ಉಸಿರುಗಟ್ಟಿಸಿದವು. ಈ ಸಲದ ನೆರೆಯ ನಂತರ ನಲವತ್ತಮೂರು ಬಂದವು, ಮೂವತ್ತೊಂದು ಬದುಕಿದವು. ನೆರೆಯಲ್ಲಿ ನೆನೆದ ಬೋರ್ಡಿಗೆ ಅವರ ಮದ್ದು ಮತ್ತೆ ನೀರೇ. ಕೊಳಕು ನೀರು ಬಿಟ್ಟುಹೋದ ಉಪ್ಪು, ಕೆಸರನ್ನು ಶುದ್ಧ ನೀರಿನಲ್ಲಿ ಉಜ್ಜಿ ತೆಗೆದು, ಸ್ಪಿರಿಟ್ಟಿನಿಂದ ಒರೆಸಿ, ಬಿದಿರಿನ ತಟ್ಟೆಯಲ್ಲಿ ಮಹಡಿಯ ಮೇಲೆ ಒಣಗಿಸುತ್ತಾರೆ. ಪಕ್ಕದ ತಟ್ಟೆಯಲ್ಲಿ ಒಣಮೀನು. ಬೆಕ್ಕುಗಳಿಗೆ ಎರಡೂ ಒಂದೇ ಆದ್ದರಿಂದ ಕೋಲು ಹಿಡಿದು ಕಾಯುವುದೂ ಈ ಉದ್ಯೋಗದ ಭಾಗ.

ಮತ್ತೆ, ತೊಳೆಯುವ ಕೆಲಸ ನಸುಕಿನಲ್ಲಿ ಮಾತ್ರ. ಬೆಸುಗೆ ಆಮೇಲೆ. ಒಮ್ಮೆ ಬೆಸುಗೆ ಕಡ್ಡಿ ಹಿಡಿದರೆ ಆ ದಿನ ನೀರು ಮುಟ್ಟುವುದಿಲ್ಲ. ಯಾಕೆಂದು ಕೇಳಿದೆ.

“ಕೈ ಬಿಸಿಯಾಗಿರುತ್ತಲ್ಲ, ಪಾಸ್ಮಾ ಆದ್ರೆ ಯಾರು ನೋಡ್ತಾರೆ? ಕೈ ನಡುಗಿದ್ರೆ ನನ್ನ ಕಥೆ ಮುಗೀತು.”

ಇಂಥವರು ತೊಮಾಸಾಗೆ ಬುದ್ಧಿ ಹೇಳಲು ಹೊರಟಿದ್ದರು! ಕೊನೆಗೆ ಪಾಸ್ಮಾ ನಂಬುವ ಇಬ್ಬರ ನಡುವೆ ರಾಜಿಯಾಗುತ್ತದೆ. ನೀರನ್ನು ಉಗುರುಬೆಚ್ಚಗೆ ಕಾಯಿಸುವುದು. ಪಾಸ್ಮಾ ಹಿಡಿದವರ ಕೈಕಾಲನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ನೆನೆಸುವುದು ವಾಡಿಕೆ.

“ಉಪ್ಪು ಹಾಕ್ತೀಯಾ?” ತೊಮಾಸಾ ಕೇಳುತ್ತಾರೆ.

“ಉಪ್ಪು ಹಾಕಿದ್ರೆ ನಾನೇ ಕೈಯಾರೆ ಕೊಂದ ಹಾಗೆ. ಕೊಡು ಇಲ್ಲಿ.”

ತೊಮಾಸಾ ಕೊಡುತ್ತಾರೆ. ಗಂಜಿ ಕರಗಿ ಬೋಗುಣಿ ಬೆಳ್ಳಗಾಗುತ್ತದೆ. ಬೋರ್ಡಿನ ಸಂದಿಯಿಂದ ಪೆತಾಂಗ್ ಸೂಜಿಯಲ್ಲಿ ಅಕ್ಕಿಕಾಳು ಎಬ್ಬಿಸುತ್ತಾರೆ, ತೊಮಾಸಾ ಜಪಸರ ಎಣಿಸುತ್ತಾರೆ.

ಎರಡು ದಿನ ಬಿಸಿಲು ಕುಡಿದ ಮೇಲೆ ಕಂಪ್ಯೂಟರ್ ಎದ್ದಿತು. ಪರದೆ ಬೆಳಗಿತು. ಆದರೆ ದನಿ ಇದ್ದ ಡಿಸ್ಕು ಮಾತ್ರ ಅಲ್ಲಾಡಲಿಲ್ಲ. ನೀರು ಅದರವರೆಗೆ ಏರಿರಲೇ ಇಲ್ಲ, ಮೇಲಿನ ಗೂಡಿನಲ್ಲಿ ಅದು ಒಣಗಿಯೇ ಇತ್ತು. ಡಿಸ್ಕಿನ ಹೊಟ್ಟೆಗೆ ಅಂಟಿಕೊಂಡ ಪುಟ್ಟ ಬೋರ್ಡನ್ನು ತಿಂದದ್ದು ಹುಳಿತ ಅಕ್ಕಿ. ನೆರೆ ಬಿಟ್ಟದ್ದನ್ನು ಮದ್ದು ಕೊಂದಿತ್ತು. ಪೆತಾಂಗ್ ಇದನ್ನು ತೊಮಾಸಾಗೆ ಹೇಳಲಿಲ್ಲ. “ನೀರಿನಿಂದಲೇ ಹೋಯ್ತು ಅಂದಿದ್ದೀನಿ. ನೀನೂ ಬರೀಬೇಡ,” ಎಂದು ನನಗೆ ಹೇಳಿದರು. ತೊಮಾಸಾಗೆ ಕನ್ನಡ ಬಾರದು ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ದಾರಿ ಒಂದೇ ಇತ್ತು. ಅದೇ ಜಾತಿಯ ಇನ್ನೊಂದು ಡಿಸ್ಕಿನ ಬೋರ್ಡು ತಂದು ಇದಕ್ಕೆ ಕೂರಿಸುವುದು. ಅದೂ ಸಾಲದು, ಪ್ರತಿ ಡಿಸ್ಕಿನ ಗುಟ್ಟು ಅದರ ಬೋರ್ಡಿನ ಎಂಟು ಕಾಲಿನ ಒಂದು ಚಿಪ್ಪಿನಲ್ಲಿರುತ್ತದೆ. ಹಳೆಯ ಬೋರ್ಡಿನಿಂದ ಆ ಚಿಪ್ಪನ್ನು ಬಿಡಿಸಿ ಹೊಸದಕ್ಕೆ ಬೆಸೆಯಬೇಕು. ಕಾವು ಹೆಚ್ಚಾಗಿ ಚಿಪ್ಪು ಸತ್ತರೆ ಇಸ್ಯೋಂಗ್ ದನಿ ಇನ್ನಿಲ್ಲ. ಪೆತಾಂಗ್ ತಮ್ಮ ಬಿಸ್ಕತ್ತು ಡಬ್ಬಗಳಲ್ಲಿದ್ದ ಇನ್ನೂರು ಚಿಲ್ಲರೆ ಸತ್ತ ಡಿಸ್ಕುಗಳನ್ನೂ ಜಾಲಾಡಿದರು, ಹೊಂದುವಂಥದ್ದು ಒಂದೂ ಸಿಗಲಿಲ್ಲ. ಸಿಕ್ಕಿದ್ದು ಬಾಡಿಗೆಗೆ ಹಾಡಿನ ಯಂತ್ರ ಕೊಡುವ ಬೆರ್ತಿಂಗ್‌ನ ಮನೆಯಲ್ಲಿ. ಓಣಿಯವರೆಲ್ಲ ಹುಟ್ಟುಹಬ್ಬಕ್ಕೆ ಮೈಕು ಹಿಡಿದು ಅರಚುವುದು ಇದೇ ಯಂತ್ರದ ಮುಂದೆ. ಅದರೊಳಗೆ ಅದೇ ಡಿಸ್ಕು, ಜೀವಂತವಾಗಿ.

“ಎಂಟು ಸಾವಿರ ಹಾಡಿದೆ ಆಲಿಂಗ್ ಪೆತಾಂಗ್! ನನ್ನ ಅನ್ನ ಅದು!” ಎಂದು ಬೆರ್ತಿಂಗ್ ಯಂತ್ರಕ್ಕೆ ಅಡ್ಡ ನಿಂತ.

“ಎರಡು ದಿನಕ್ಕೆ ಕೊಡೋ. ನಕಲು ತೆಗೆದು ವಾಪಸ್ ಕೂರಿಸ್ತೀನಿ. ಓಣಿಗೂ ಎರಡು ದಿನ ನಿದ್ದೆ ಬರ್ಲಿ, ಪುಣ್ಯ ಕಟ್ಕೋ.”

ಮಾತಾಡಲಾರದ ಇಸ್ಯೋಂಗ್ ಅಲ್ಲೇ ನಿಂತಿದ್ದರು, ಕೊರಳಲ್ಲಿ ದಾರಕ್ಕೆ ಕಟ್ಟಿದ ಸ್ಲೇಟು. ಸೀಮೆಸುಣ್ಣ ತೆಗೆದು ಬರೆದರು: ‘ನೀನು ಹಾಡೋದನ್ನ ಹತ್ತು ವರ್ಷ ಸಹಿಸಿದ್ದೀನಿ.’ ಬೆರ್ತಿಂಗ್ ಓದಿದ, ನಕ್ಕ, ಸ್ಕ್ರೂಡ್ರೈವರ್ ತಂದು ತಾನೇ ಡಿಸ್ಕು ಬಿಚ್ಚಿಕೊಟ್ಟ.

ಶುಕ್ರವಾರ ಮಧ್ಯಾಹ್ನ ಪೆತಾಂಗ್ ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ, ಭೂತಗನ್ನಡಿ ಎಳೆದುಕೊಂಡರು. ನಾನು ಮೂಲೆಯಲ್ಲಿ ಕೆಮ್ಮನ್ನೂ ತಡೆದು ಕೂತಿದ್ದೆ. ಚಿಪ್ಪಿನ ಏಳು ಕಾಲು ಸಲೀಸಾಗಿ ಕೂತವು. ಎಂಟನೆಯದನ್ನು ಬೆಸೆಯುವಾಗ ಬೋರ್ಡಿನ ಮೇಲಿನ ತಾಮ್ರದ ಚುಕ್ಕೆಯೇ ಕಿತ್ತುಬಂತು. ಅವರ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆಮೇಲೆ ಹಳೆಯ ಚಾರ್ಜರಿನ ವೈರು ಸುಲಿದು, ಅದರಿಂದ ಒಂದೇ ಒಂದು ತಾಮ್ರದ ಎಳೆ ಆರಿಸಿ, ಕಾಲಿಗೂ ಮುಂದಿನ ಗೆರೆಗೂ ಸೇತುವೆ ಕಟ್ಟಿದರು. ಕೈ ಒಂದಿಷ್ಟೂ ಅದುರಲಿಲ್ಲ. ಹಳೆಯ ಕಣ್ಣು ಎಂದು ಮನೆಗೆ ಕಳಿಸಿದ ಆ ಕಾರ್ಖಾನೆಯ ಮೇಲ್ವಿಚಾರಕನನ್ನು ಎಳೆತಂದು ಎದುರು ಕೂರಿಸಬೇಕು ಅನ್ನಿಸಿತು ನನಗೆ.

ಸ್ವಿಚ್ಚು ಒತ್ತಿದರು. ಡಿಸ್ಕು ಝುಂ ಎಂದು ತಿರುಗಿತು. ಪೆತಾಂಗ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ಕಡತ ಮಾತ್ರ ಕೇಳಿದರು, ಕಣ್ಣು ಒರೆಸಿಕೊಂಡರು, ಎದ್ದು ಹೋಗಿ ಬಾಗಿಲು ತೆರೆದರು. ತೊಮಾಸಾ ಹೊಸ್ತಿಲ ಮೇಲೇ ಕೂತಿದ್ದರು.

“ಇದೆಯಾ ಮಾರೆ?”

“ಎಪ್ಪತ್ತೈದೂ ಇದೆ. ಸೀನೂ ಇದೆ.”

ಕೇಳಿಸು ಎಂದು ತೊಮಾಸಾ ಗೋಗರೆದರು. “ಭಾನುವಾರ ಅವರೇ ಒತ್ತಲಿ,” ಎಂದು ಪೆತಾಂಗ್ ಒಪ್ಪಲಿಲ್ಲ. ಕಂಪ್ಯೂಟರಿಗೆ ಬೇರೊಂದು ಡಿಸ್ಕು ಹಾಕಿ ದನಿಯನ್ನೆಲ್ಲ ಅದಕ್ಕೆ ತುಂಬಿ, ಮೇಲೆ ಮೂರು ನಕಲು ತೆಗೆದರು. ಒಂದು ತಮಗೆ, ಒಂದು ಚಾಪೆಲ್ಲಿನ ಪಾದ್ರಿಗೆ, ಒಂದು ಬೆರ್ತಿಂಗ್‌ಗೆ. ತೊಮಾಸಾ ಕೈಗೆ ಮಾತ್ರ ಕೊಡಲಿಲ್ಲ. ಬೆರ್ತಿಂಗ್‌ನ ಬೋರ್ಡಿಗೆ ಅದರದೇ ಚಿಪ್ಪು ಬೆಸೆದು ಅವನ ಡಿಸ್ಕಿಗೆ ಮೊದಲಿನಂತೆ ಕೂರಿಸಿಕೊಟ್ಟದ್ದು ಶನಿವಾರ ಸಂಜೆ. ಎಂಟು ಸಾವಿರ ಹಾಡೂ ದುರದೃಷ್ಟವಶಾತ್ ಸುರಕ್ಷಿತ.

ಇಂದು ಭಾನುವಾರ, ಮಧ್ಯಾಹ್ನ ಮೂರು. ಚಾಪೆಲ್ಲಿನ ಮುಂದೆ ಬೆಂಚುಗಳು ತುಂಬಿವೆ. ಎಲ್ಲರ ಮುಂದೆ ಬಿಂಗೊ ಚೀಟಿ, ಗುರುತಿಡಲು ಒಂದು ಹಿಡಿ ಜೋಳ. ಇಸ್ಯೋಂಗ್ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದಾರೆ. ಡಬ್ಬಿ ಅಲ್ಲಾಡಿಸಿ ಬಿಲ್ಲೆ ತೆಗೆಯುತ್ತಾರೆ, ನೋಡುತ್ತಾರೆ, ಕೀಲಿಯ ಮೇಲೆ ಬೆರಳಿಟ್ಟು ಒಂದು ಕ್ಷಣ ತಡೆಯುತ್ತಾರೆ. ಒತ್ತುತ್ತಾರೆ.

“ಐ ಇಪ್ಪತ್ತೆರಡು! ಎರಡು ಬಾತುಕೋಳಿ, ಮೊಟ್ಟೆ ಎಲ್ಲಾ ನಂದೇ!”

ಒಬ್ಬರೂ ಜೋಳ ಇಡಲಿಲ್ಲ. ಬೆಂಚುಗಳಿಗೆ ಬೆಂಚೇ ಎದ್ದು ನಿಂತು ಕಿರುಚಿತು, ಚೀಟಿಗಳು ಹಾರಿದವು. ತೊಮಾಸಾ ಬಾಯಿಗೆ ಸೆರಗಿನಂತೆ ಟವೆಲು ಒತ್ತಿಕೊಂಡು ಅಳುತ್ತ ನಗುತ್ತಿದ್ದಾರೆ. ಈ ಗದ್ದಲದಲ್ಲಿ ಬೆರ್ತಿಂಗ್ ಒಂದೇ ನಂಬರಿಗೆ, ಆಟ ಗೆದ್ದವನಂತೆ “ಬಿಂಗೊ!” ಎಂದು ಕೂಗಿಬಿಟ್ಟ. ಇಸ್ಯೋಂಗ್ ಅವನನ್ನೇ ನೋಡುತ್ತ ಮೂಲೆಯ ಕೀಲಿಯೊಂದನ್ನು ಒತ್ತಿದರು. “ಯಾವನೋ ಅವ್ನು ಕಳ್ಳ? ಕೂತ್ಕೊಳೋ!” ಎಂದು ಸ್ಪೀಕರು ಗದರಿಸಿತು. ಓಣಿ ಹೊಟ್ಟೆ ಹಿಡಿದುಕೊಂಡಿತು. ಇಸ್ಯೋಂಗ್ ಭುಜ ಕುಣಿಯುವಷ್ಟು ನಗುತ್ತಿದ್ದರು, ಸದ್ದಿಲ್ಲದೆ.

ಪೆತಾಂಗ್ ಕೊನೆಯ ಬೆಂಚಿನಲ್ಲಿ ಕೂತು ಎರಡು ಚೀಟಿ ಆಡುತ್ತಿದ್ದಾರೆ. ಯಾರೂ ಅವರಿಗೆ ಹಾರ ಹಾಕಿಲ್ಲ, ವೇದಿಕೆಗೆ ಕರೆದಿಲ್ಲ. ನನಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಸರಿದು ಕೂತು, ಟಿಪ್ಪಣಿ ಪುಸ್ತಕ ತೆಗೆದು, ಈಗ ಏನನ್ನಿಸುತ್ತಿದೆ ಎಂದು ಕೇಳಿದೆ. ಅವರು ಜೋಳದ ಕಾಳು ಹಿಡಿದ ಕೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದರು.

“ಶ್! ಸುಮ್ನಿರು, ಅವರು ಕೂಗೋದು ಕೇಳಿಸ್ತಿಲ್ಲ.”