ಬೆವರದ ಬೆನ್ನಿನ ಅಕ್ಕೋರು

ಒದ್ದೆ ಹತ್ತಿಬಟ್ಟೆ ಬಿಸಿಲಲ್ಲಿ ಅರ್ಧ ಆರಿದಾಗ ಒಂದು ವಾಸನೆ ಬರುತ್ತದಲ್ಲ, ಮೊನ್ನೆ ಹಿತ್ತಲಿನ ತಂತಿಯ ಮೇಲಿದ್ದ ಟವೆಲ್ಲಿನಿಂದ ಅದೇ ವಾಸನೆ ಬಂತು. ಟಿಳಕವಾಡಿಯ ನಮ್ಮ ಶಾಲೆಯ ಆಟದ ಅಕ್ಕೋರು ಎದುರಿಗೇ ಬಂದು ನಿಂತಂತಾಯಿತು...

ಎಪ್ಪತ್ತರ ದಶಕದ ಕೊನೆಯ ಮಾತು. ಅವರು ನಮಗೆ ಖೋಖೋ ಕಲಿಸುತ್ತಿದ್ದರು. ಚಿಕ್ಕಂದಿನಲ್ಲಿ ಸ್ಟೋವ್ ಸಿಡಿದು ಅವರ ಎದೆ, ಬೆನ್ನು, ಎರಡೂ ತೋಳು ಸುಟ್ಟಿದ್ದವು. ಗಾಯವೇನೋ ಮಾಯ್ದಿತ್ತು, ಆದರೆ ಆ ಚರ್ಮದಲ್ಲಿ ಬೆವರು ಹುಟ್ಟುತ್ತಿರಲಿಲ್ಲ. ಓಡಿದರೆ ನಾವು ತೊಯ್ದು ತೊಪ್ಪೆಯಾಗುತ್ತಿದ್ದೆವು. ಅವರಿಗೆ ಹಣೆ, ಕಾಲು ಮಾತ್ರ ಬೆವರುತ್ತಿದ್ದವು, ಉಳಿದ ಕಾವೆಲ್ಲ ಒಳಗೇ. ಅದಕ್ಕೇ ಉದ್ದ ತೋಳಿನ ಕುಪ್ಪಸವನ್ನು ನೀರಲ್ಲಿ ಅದ್ದಿ ತೊಟ್ಟು, ಹೆಗಲಿಗೆ ಹಸಿ ಟವೆಲ್ ಹಾಕಿಕೊಂಡು ಮೈದಾನಕ್ಕೆ ಇಳಿಯುವರು.

"ನನ್ನ ಬೆನ್ನಿಗೆ ಬೆವರೂದು ಗೊತ್ತಿಲ್ಲ. ನಾ ಬಿದ್ದರ ಗಾಬರಿ ಆಗಬ್ಯಾಡ್ರಿ, ನೀರ ಸುರೀರಿ," ಎಂದು ನಮಗೆ ಹೇಳಿಟ್ಟಿದ್ದರು.

ಹೆಡ್ ಅಕ್ಕೋರಿಗೆ ಇದು ಸೇರುತ್ತಿರಲಿಲ್ಲ. "ಮಂದಿ ಮುಂದ ಹಸಿ ಅರಿವ್ಯಾಗ ಓಡೂದು ಚಂದ ಕಾಣೂದಿಲ್ಲ. ಇನ್ನೊಮ್ಮಿ ಬಿದ್ದರ ಹೊಲಿಗಿ ಕ್ಲಾಸ್ ತಗೋಬೇಕಾಕ್ಕತಿ ನೋಡ್ರಿ," ಎಂದು ನಮ್ಮೆದುರಿಗೇ ಅಂದಿದ್ದರು. ಮೈದಾನ ಬಿಟ್ಟು ಸೂಜಿ ಹಿಡಿಯುವುದೆಂದರೆ ನಮ್ಮ ಅಕ್ಕೋರಿಗೆ ಜೀವ ಹೋದಂತೆಯೇ.

ಒಂದು ಅಕ್ಟೋಬರಿನ ಉರಿಬಿಸಿಲಲ್ಲಿ ಪಂದ್ಯಕ್ಕೆಂದು ಖಾನಾಪುರಕ್ಕೆ ಹೋದೆವು. ಹೆಡ್ ಅಕ್ಕೋರೂ ಬಂದಿದ್ದರು. ಬಸ್ಸು ತಡವಾಗಿ, ಕುಪ್ಪಸ ಅದ್ದಲು ಪುರಸೊತ್ತಾಗಲಿಲ್ಲ. ನಮ್ಮ ಜೊತೆ ಓಡಿ ತಯಾರಿ ಮಾಡಿಸುತ್ತಿದ್ದ ನಮ್ಮ ಅಕ್ಕೋರ ಮುಖ ಕೆಂಡವಾಯಿತು, ಮಾತು ತೊದಲಿತು... ಕುಸಿದೇಬಿಟ್ಟರು.

ಮೈದಾನದ ಪಕ್ಕದ ಮನೆಯ ಹೆಂಗಸರು ಓಡಿಬಂದು ಅವರನ್ನು ಎತ್ತಿಕೊಂಡು ಹೋಗಿ ಒಳಕೋಣೆಯಲ್ಲಿ ಮಲಗಿಸಿದರು. ಕುಪ್ಪಸ ಸಡಿಲಿಸಿದಾಗ ಕಂಡ ಸುಟ್ಟ ಕಲೆ ಬೇರೆ ಯಾರ ಕಣ್ಣಿಗೂ ಬೀಳದಿರಲೆಂದು ದಪ್ಪನೆಯ ಕೌದಿ ಹೊದಿಸಿ ಬಾಗಿಲು ಮುಚ್ಚಿದರು. ಬಿಸಿಲಿನಿಂದ ಬಂದವರಿಗೆ ಬೆಲ್ಲ-ನೀರು ಕೊಡಬೇಕು, ಮೈಗೆ ತಣ್ಣೀರು ಸೋಕಿಸಬಾರದು ಎಂಬುದು ನಮ್ಮ ಕಡೆಯ ಮನೆಮನೆಯ ಕಟ್ಟಳೆ. ಆ ಹೆಂಗಸರ ಅಂತಃಕರಣಕ್ಕೆ ಕೊರತೆ ಇರಲಿಲ್ಲ. ಆದರೆ ಆ ಅಂತಃಕರಣವೇ ಅಕ್ಕೋರ ಜೀವ ತೆಗೆಯುತ್ತಿತ್ತು.

ನಾವು ಹುಡುಗಿಯರು ಬಾಗಿಲು ನೂಕಿ ಒಳನುಗ್ಗಿ ಕೌದಿ ಕಿತ್ತೆಸೆದೆವು. ಕೈಗೆ ಸಿಕ್ಕ ಕೊಡಗಳ ನೀರನ್ನೆಲ್ಲ ಅವರ ಮೈಮೇಲೆ ಸುರಿದೆವು. ಮನೆಯ ಅಜ್ಜಿ ಬಾಯಿ ಬಡಿದುಕೊಂಡಳು: "ಅಯ್ಯ ಶಿವನ! ಬಿಸಲಾಗಿಂದ ಬಂದಾಕಿಗೆ ತಣ್ಣೀರ ಸುರೀತೀರೇನ? ಜೀವಾ ತಗೀತೀರಿ!"

"ಅಕ್ಕೋರ ಹೇಳ್ಯಾರ್ರೀ ಆಯಿ!" ಎಂದು ಕೂಗಿ ನಾವು ಮೊರದಿಂದ ಗಾಳಿ ಬೀಸುತ್ತಲೇ ಇದ್ದೆವು. ಹೆಡ್ ಅಕ್ಕೋರು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು.

ಎಷ್ಟೋ ಹೊತ್ತಿಗೆ ಅಕ್ಕೋರು ಕಣ್ಣು ತೆರೆದರು. ಮೊದಲ ಮಾತು, "ಟಾಸ್ ಆತೇನ?"

ಬೇಡವೆಂದರೂ ಕೇಳಲಿಲ್ಲ. ಅಂದು ಮೊದಲ ಸಲ ಕುಪ್ಪಸದ ತೋಳು ಮೇಲಕ್ಕೆ ಮಡಚಿ, ತೊಟ್ಟಿಕ್ಕುವ ಸೀರೆಯಲ್ಲೇ ಹೊರಬಂದು ಮೈದಾನದ ನೆರಳಲ್ಲಿ ಕುಳಿತರು. ಮಂದಿ ಆಟ ಬಿಟ್ಟು ಆ ತೋಳುಗಳನ್ನೇ ನೋಡತೊಡಗಿದರು.

"ಒಮ್ಮಿ ನೋಡಿ ಮುಗಸ್ರಿ. ಆಮ್ಯಾಲ ನಮ್ಮ ಹುಡುಗ್ಯಾರ ಆಟ ನೋಡ್ರಿ," ಎಂದರು ಅಕ್ಕೋರು.

ಎಂಥ ಎದೆಗಾರಿಕೆ! ಪಂದ್ಯ ಸೋತೆವು, ಬಿಡಿ. ಆದರೆ ಸೋಮವಾರ ಶಾಲೆಗೆ ಹೋದರೆ ಮೈದಾನದ ಮೂಲೆಯಲ್ಲಿ ಹೆಡ್ ಅಕ್ಕೋರು ಒಂದು ಹಂಡೆ ನೀರು ಇಡಿಸಿದ್ದರು. ಹೊಲಿಗೆಯ ಮಾತು ಮತ್ತೆ ಬರಲಿಲ್ಲ. ನಿವೃತ್ತಿಯವರೆಗೂ ಅಕ್ಕೋರು ಹುಡುಗಿಯರನ್ನು ಓಡಿಸಿದರು, ತಾವೂ ಓಡಿದರು.

ಹೋದ ತಿಂಗಳು ತೀರಿಕೊಂಡರು. ಸುದ್ದಿ ತಿಳಿದು ಹೋದೆ. ಲಿಂಗಾಯತರ ಮನೆ, ಹೂಳುವ ಪದ್ಧತಿ. ಆ ಮೈಯನ್ನು ಬೆಂಕಿ ಇನ್ನೊಮ್ಮೆ ಮುಟ್ಟುವುದಿಲ್ಲವಲ್ಲ ಎಂದುಕೊಂಡು ಒಂದು ಹಿಡಿ ಮಣ್ಣು ಹಾಕಿದೆ. ಆಮೇಲೆ ತಡೆಯಲಾಗಲಿಲ್ಲ... ಅತ್ತುಬಿಟ್ಟೆ.