ಕಿಟಕಿಗೆ ಕಾಲಂ ಇರಲಿಲ್ಲ

ಕೊರೊನಾ ಹೊಸದರಲ್ಲಿ, ಯಾರಿಂದ ಯಾರಿಗೆ ಅಂಟಿತು ಅಂತ ಪತ್ತೆ ಮಾಡಿ ಫಾರಂ ತುಂಬುವುದು ನನ್ನ ಕೆಲಸ. ನಂಜನಗೂಡಿನ ಕಡೆ ಒಂದು ಹಳ್ಳಿಯ ನೂಲುವ ಕೋಣೆಯಲ್ಲಿ ಲೆಕ್ಕ ತಪ್ಪಿತು. ಮೊದಲು ಜ್ವರ ಬಂದಾಕೆ ಕೂರುತ್ತಿದ್ದದ್ದು ಬಾಗಿಲ ಬಳಿ. ಎರಡನೆಯಾಕೆಯ ರಾಟೆ ಆ ತುದಿಯ ಮೂಲೆಯಲ್ಲಿ. ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಮುಟ್ಟುವುದಿರಲಿ, ಹತ್ತಿರವೂ ಸುಳಿಯುತ್ತಿರಲಿಲ್ಲ.

"ಮತ್ತೆ ಹೇಗೆ ಅಂಟಿತು?" ಎಂದು ಗೊಣಗಿದೆ.

ತಮ್ಮ ರಾಟೆ ಸಮೇತ ಜಗಲಿಗೆ ಬಂದು, ಮೂಗಿಗೆ ಬಟ್ಟೆ ಕಟ್ಟಿ ಕೂತಿದ್ದ ಮುದುಕಿ ಚಿಕ್ಕತಾಯಮ್ಮ ಎದ್ದು ಒಳಗೆ ಬಂದರು. ಹತ್ತಿಯ ಒಂದು ಎಳೆ ಕಿತ್ತು, ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಲ್ಲಿ ಬಿಟ್ಟರು. ಅದು ಕೆಳಗಿಳಿಯಲೇ ಇಲ್ಲ. ತೇಲುತ್ತಾ ತೇಲುತ್ತಾ ಆ ಮೂಲೆಯ ರಾಟೆಯ ಮೇಲೆ ಹೋಗಿ ಕೂತಿತು.

"ಗಾಳಿಗೆ ಅತ್ತಿ ಆರೋಯ್ತದೆ ಅಂತ ನಾವು ಕಿಟಕಿ ತಗಿಯಾಕಿಲ್ಲ ಸಾ. ಉಸಿರೂ ಇಂಗೇ ಒಳಗೇ ಸುತ್ತುತ್ತಾ ಇರ್ತದೆ" ಎಂದು ಕಿಟಕಿ ತಳ್ಳಿದರು.

ಗಾಳಿ ನುಗ್ಗಿತು. ಬಿಸಿಲಲ್ಲಿ ಆಡುತ್ತಿದ್ದ ಎಳೆಗಳೆಲ್ಲ ಬಾಗಿಲಿನಿಂದಾಚೆ ಹೋದವು. ಯಾವ ತರಬೇತಿಯಲ್ಲೂ ಕಾಣದ್ದು ಅಂಗೈಯಷ್ಟು ಬಿಸಿಲಲ್ಲಿ ಕಂಡಿತ್ತು.

ಫಾರಂನಲ್ಲಿ ಕಿಟಕಿಗೆ ಕಾಲಂ ಇರಲಿಲ್ಲ. 'ಕಿಟಕಿ ಮುಚ್ಚಿತ್ತು' ಎಂದು ಅಂಚಿನಲ್ಲಿ ಬರೆದು ಕಳಿಸಿದೆ. ಸಂಬಂಧವಿಲ್ಲದ ವಿಷಯ ಬರೆಯಬಾರದು ಎಂಬ ಟಿಪ್ಪಣಿಯೊಂದಿಗೆ ಫಾರಂ ವಾಪಸು ಬಂತು. ಅದನ್ನು ನಾನು ಓದಿದ್ದು, ಆಫೀಸಿನ ಕಿಟಕಿ ತೆಗೆದ ಮೇಲೆ.